ಈ ತಿಂಗಳು ಓದಿದ ಮೂರು ಕಾದಂಬರಿ

ಸಾಧನಕೇರಿ: ಮೂರೂ ಓದಿ ಮುಗಿಸಿದ ಮ್ಯಾಲಿನ ಅನಿಸಿಕಿ ಇಷ್ಟು. ‘ಗಂಗವ್ವ ಗಂಗಾಮಾಯಿ’ (1956): ಒಡಹುಟ್ಟಿದ ಗಂಗವ್ವ, ರಾಘಪ್ಪನ ನಡುವಿನ ಹಗಿ. ಧಾರವಾಡದ ಮಾತು ಕಣ್ಣಿಗಿಂತ ಕಿವಿಗೆ ಲಗೂ ಹತ್ತತದ; ಮೊದಲ 20 ಪುಟ ಬಾಯಿಬಿಟ್ಟು ಓದ್ರಿ. ‘ಗ್ರಾಮಾಯಣ’ (1957): ಊರೇ ನಾಯಕ. ಮಂದಿ ಭಾಳ. ಯಾರು ಯಾರ ಕಡೆಯವರು ಅಂತ ಚೀಟಿಯೊಳಗ ಬರಕೊಳ್ಳಲಿಲ್ಲಂದ್ರ ನಡುವ ದಾರಿ ತಪ್ಪತದ. ‘ಘಾಚರ್ ಘೋಚರ್’ (2013): ಬರವಣಿಗಿ ಬಿಗಿ ಅದ, ಆದ್ರ ಅರ್ಧಕ್ಕ ನಿಂತದ.

ಉಣಕಲ್: ಅರ್ಧಕ್ಕ? ಪೂರ್ತಿ ಮುಗದೈತ್ರಿ. ಕಥಿ ಹೇಳಾಂವನ ಹೆಂಡ್ತಿ ಅನಿತಾ ಹೈದರಾಬಾದಿಗೆ ಹೋದಾಕಿ ತಿರುಗಿ ಬಂದಿಲ್ಲ. ಮನ್ಯಾಗ ಕೊಲಿ ಸುದ್ದಿ ಮಾತಾಡ್ಯಾರ. ಕಡೀಗೆ ಕಾಫಿ ಹೌಸಿನ ವೇಟರ್ ವಿನ್ಸೆಂಟ್ ಅಂವಗ, ಕೈಗೆ ರಕ್ತ ಹತ್ತೈತಿ, ತೊಳಕೋರಿ ಅಂತಾನ. ಆಕಿನ್ನ ಮುಗಿಸ್ಯಾರ, ಮತ್ತೇನು!

ಹಾವೇರಿ ಏಲಕ್ಕಿ: ಕೊನೆಯ ಪುಟವನ್ನೇ ಬಿಚ್ಚಿಟ್ಟಿರಲ್ಲ! ಅನಿಸಿಕೆ ಬರೆಯುವವರು ಕಥೆಯ ಮೊದಲ ಮೂರನೇ ಒಂದು ಪಾಲಿನಾಚೆ ಹೋಗಬಾರದು. ಹೇಳುವವರು ಯಾರು, ಭಾಷೆ ಎಂಥದು, ಓಟ ಹೇಗಿದೆ, ಇಷ್ಟು ಹೇಳಿದರೆ ಸಾಕು.

ಬೆಟಗೇರಿ: ‘ಮುಗಿಸ್ಯಾರ’ ಅಂತ ಪುಸ್ತಕದಾಗ ಯಾವ ಸಾಲಿನ್ಯಾಗ ಐತಿ, ತೋರಸ್ರಿ. ಗ್ಲಾಸಿನಿಂದ ಕೈಗೆ ಗಾಯ ಆಗೇತಿ, ರಕ್ತ ಅದರದ್ದು.

ಉಣಕಲ್: ಗ್ಲಾಸ್ ಹಿಡಕೊಂಡು ಕುಂತ್ರ್ಯಾ? ಹಳೇ ಮನಿ ಇರುವಿ ಮರತ್ರೇನು? ಮನಿಮಂದಿ ಹುಡುಕಿ ಹುಡುಕಿ ಹೊಸಕತಾರ. ಚಿಕ್ಕಪ್ಪನ್ನ ಕೇಳಕೋತ ಬಾಗಿಲಿಗೆ ಬಂದ ಹೆಣ್ಣಮಗಳನ್ನ ಕಥಿ ಹೇಳಾಂವನ ಅಮ್ಮ, ಒಡಹುಟ್ಟಿದಾಕಿ ಮಾಲತಿ ಬಾಯಿಗೆ ಬಂದಂಗ ಬೈದು ಓಡಸ್ತಾರ. ಅಕಿ ತಂದಿದ್ದು ಅಂವಗ ಸೇರೂ ಮಸೂರಬ್ಯಾಳಿ ಸಾರು! ಆವತ್ತು ಅಕಿ ಪರ ಮಾತಾಡಿದಾಕಿ ಅನಿತಾ ಒಬ್ಬಾಕಿನ. ರೊಕ್ಕ ತರೂ ಚಿಕ್ಕಪ್ಪನ್ನ ಕಾಯಾಕ ಆ ಮನಿಯವರು ಏನು ಬೇಕಾದ್ರೂ ಮಾಡ್ತಾರ.

ಬೆಟಗೇರಿ: ಇರುವಿ ಸಾಕ್ಷಿ ಅಲ್ಲ, ರೂಪಕ. ಕಥಿ ಹೇಳಾಂವಗ ಹೆಸರಿಲ್ಲ, ಧೈರ್ಯಾನೂ ಇಲ್ಲ. ಅಂವ ಕಂಡದ್ದಷ್ಟ ನಮಗ ಸಿಗತೈತಿ, ಅನಿತಾಗ ಏನಾತು ಅನ್ನೂದನ್ನ ಅಂವ ಕಂಡಿಲ್ಲ. ಹೆಸರರೆ ನೋಡ್ರಿ: ‘ಘಾಚರ್ ಘೋಚರ್’ ಅಂದ್ರ ಬಿಡಿಸಾಕ ಬರದ ಸಿಕ್ಕು, ಅನಿತಾನ ತವರಮನ್ಯಾಗ ಹುಟ್ಟಿದ ಶಬ್ದ. ನೀವು ಸಿಕ್ಕು ಬಿಡಿಸೇನಿ ಅಂತ ದಾರಾನ ಹರದೀರಿ.

ಸಾಧನಕೇರಿ: ‘ಗ್ರಾಮಾಯಣ’ದ ಬಗ್ಗೆ ಯಾರೂ ಒಂದ ಮಾತೂ ಆಡವಲ್ರಿ.

ಉಣಕಲ್: ರೂಪಕ ಅಂದು ಕೈ ತೊಳಕೋಬ್ಯಾಡ್ರಿ! ಅಂವಗ ಧೈರ್ಯ ಇಲ್ಲ ಅಂತ ನೀವ ಬರದೀರಿ. ಧೈರ್ಯ ಇಲ್ಲದಾಂವ ಗೊತ್ತಿದ್ದದ್ದನ್ನ ಮುಚ್ಚತಾನ. ಇಡೀ ಪುಸ್ತಕಾನ ಆ ಮುಚ್ಚಿಡೂದು!

ಹಾವೇರಿ ಏಲಕ್ಕಿ: ‘ಇಡೀ ಪುಸ್ತಕ’ ಎಂದರೆಷ್ಟು? ನೂರು ಪುಟದ ಆಸುಪಾಸು. ಒಬ್ಬನೇ ನಿರೂಪಕ, ಒಂದೇ ಮನೆ, ಒಂದೇ ಎಳೆ. ಅದು ನೀಳ್ಗತೆ. ‘ಗ್ರಾಮಾಯಣ’ದ ಪಕ್ಕಕ್ಕೆ ಕಾದಂಬರಿ ಎಂದು ಇಟ್ಟದ್ದೇ ತಪ್ಪು.

ಸಾಧನಕೇರಿ: ಪುಟ ಎಣಿಸಿ ಕಾದಂಬರಿ ಅನ್ನೂದಾದ್ರ ತಕ್ಕಡಿ ತರ್ರಿ. ಅಪ್ಪನ ಸಂಬಳದಾಗ ನಡದ ಸಣ್ಣ ಮನಿಯಿಂದ ಚಿಕ್ಕಪ್ಪನ ಮಸಾಲಿ ವ್ಯಾಪಾರ ‘ಸೋನಾ ಮಸಾಲ’ದ ಸಿರಿವಂತಿಕಿ ತನಕ ಒಂದು ಮನೆತನದ ನಡತಿ ಹೆಂಗ ಕೆಟ್ಟಿತು ಅಂತ ಅದರಾಗದ. ಅದು ಕಾದಂಬರಿದ ಕೆಲಸ.

ಬೆಟಗೇರಿ: ನಡತಿ ಕೆಟ್ಟದ್ದು ಖರೆ, ಓದೂಮುಂದ ಅಂಜಿಕಿ ಹುಟ್ಟೂದೂ ಖರೆ. ಕೊಲಿ ಅಂತ ಮಾತ್ರ ಒಪ್ಪಂಗಿಲ್ಲ.

ಉಣಕಲ್: ಅಂಜಿಕಿ ಖರೆ ಅಂದ್ರಲ್ಲ, ಅಷ್ಟ ಸಾಕು ನನಗ.

ಬೆಟಗೇರಿ: ನಾ ಅಂದದ್ದರಾಗ ಅರ್ಧ ಅಷ್ಟ ಓದೀರಿ, ಪುಸ್ತಕಾನೂ ಹಂಗ ಓದೀರಿ.