ಸಹಾಯ ಬೇಕು: ಕೆರೆ ಏರಿ ಮೇಲಿನ ಜಾಲಿ ತೆಗೆದವರು ಯಾರಾದರೂ ಇದ್ದೀರಾ?

ಎಲ್ಲರಿಗೂ ಶರಣು. ಕೊಪ್ಪಳ ತಾಲ್ಲೂಕಿನ ಸಣ್ಣ ಹಳ್ಳಿಯಿಂದ ಬರೆಯುತ್ತಿದ್ದೇನೆ. 2019ರಲ್ಲಿ ಗವಿಮಠದ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಹಿರೇಹಳ್ಳ ಸ್ವಚ್ಛ ಮಾಡಿದ್ದು ನೋಡಿ ನಮ್ಮೂರಿಗೂ ಹುರುಪು ಬಂತು, ಪಟ್ಟಿ ಎತ್ತಿ ಜೆಸಿಬಿ ತರಿಸಿ ಕೆರೆ ಹೂಳು ತೆಗೆಸಿದೆವು. ಮಣ್ಣು ರೈತರ ಹೊಲ ಸೇರಿತು. ಅಲ್ಲಿವರೆಗೆ ಚೆನ್ನಾಗಿತ್ತು.

ಈಗ ತಲೆನೋವು ಬಳ್ಳಾರಿ ಜಾಲಿಯದ್ದು. ಏರಿ ಮೇಲಿನದನ್ನು ನೆಲಮಟ್ಟಕ್ಕೆ ಕಡಿಸಿದ್ದೆವು, ಎರಡು ಮಳೆ ಬಿದ್ದದ್ದೇ ತಡ, ಒಂದೊಂದು ಬುಡಕ್ಕೆ ಐದಾರು ಚಿಗುರು! ಬೇರು ಸಮೇತ ಕೀಳಬೇಕಿತ್ತಂತೆ. ಆದರೆ ಹಾಗೆ ಕಿತ್ತರೆ ಏರಿ ಸಡಿಲಾಗಿ ನೀರು ಜಿನುಗುತ್ತದೆ, ಬೇಡ ಎನ್ನುತ್ತಾರೆ ಹಿರಿಯರು. ಮೇಲಾಗಿ ಆಡುಗಳು ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಉದುರಿಸುತ್ತವೆ. (ಹೆಸರಷ್ಟೇ ಬಳ್ಳಾರಿ, ಗಿಡ ಬಂದದ್ದು ಅಮೆರಿಕ ಖಂಡದಿಂದ. ಬಳ್ಳಾರಿಯವರು ಬೇಜಾರಾಗಬೇಡಿ.)

ನಾನು ದುಡಿಯುವ ಕಾರ್ಖಾನೆಯಲ್ಲಿ ಶಿಫ್ಟ್ ಬದಲಾಗುವಾಗ ಏನು ಕೆಟ್ಟಿತು, ಏನು ಮಾಡಿದ್ದಕ್ಕೆ ಸರಿಹೋಯಿತು ಅಂತ ಒಂದು ಬುಕ್ಕಿನಲ್ಲಿ ಬರೆದಿಡುತ್ತೇವೆ, ಮುಂದಿನವನಿಗೆ ಅರ್ಧ ಕೆಲಸ ಉಳಿಯುತ್ತದೆ. ಕೆರೆ ಕೆಲಸಕ್ಕೂ ಅಂಥದ್ದೊಂದು ಬುಕ್ ಮಾಡೋಣ ಅನಿಸಿದೆ. ಪ್ರತಿ ಊರೂ ಅದೇ ಕಲ್ಲಿಗೆ ಎಡವೋದು ಯಾಕೆ, ಅಲ್ವಾ?

ಕುಷ್ಟಗಿ, ಸಿಂಧನೂರು, ಸಂಡೂರು ಕಡೆಯ ಅಣ್ಣಂದಿರೇ, ಅಕ್ಕಂದಿರೇ, ಹೇಳಿ: ಯಾವ ತಿಂಗಳಲ್ಲಿ ಕಿತ್ತಿರಿ, ಗುಂಡಿ ಹೇಗೆ ಮುಚ್ಚಿದಿರಿ, ಆಮೇಲೆ ಆ ಜಾಗದಲ್ಲಿ ಏನು ನೆಟ್ಟಿರಿ? ಕೈಕೊಟ್ಟದ್ದನ್ನೂ ತಿಳಿಸಿ, ಅದೇ ಜಾಸ್ತಿ ಉಪಯೋಗ. ಬರೆಯೋಕೆ ಪುರುಸೊತ್ತಿಲ್ಲದಿದ್ದರೆ ವಾಯ್ಸ್ ಮೆಸೇಜ್ ಹಾಕಿ, ಬುಕ್ಕಿಗೆ ಇಳಿಸೋದು ನನ್ನ ಕೆಲಸ.