ಬಾಣಾವರದಿಂದ ಮುಳ್ಳಯ್ಯನಗಿರಿ ತನಕ ಎಂಟಿಬಿಯಲ್ಲಿ (ಮೌಂಟನ್ ಬೈಕ್ ಸೈಕಲ್), ಆದಷ್ಟು ಮಣ್ಣುದಾರಿಲೇ ಹೋಗಕ್ಕಾಗುತ್ತಾ?

ಬಂಡಿಜಾಡು
ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲಿರೋದು, ಎರಡು ವರ್ಷದಿಂದ ಒಂದು ಹಾರ್ಡ್‌ಟೇಲ್ (ಮುಂದೆ ಮಾತ್ರ ಸಸ್ಪೆನ್ಷನ್ ಇರೋ) ಎಂಟಿಬಿ ಇದೆ, ಭಾನುವಾರ ತುರಹಳ್ಳಿ, ಅವಲಹಳ್ಳಿ ಕಡೆ ಓಡಿಸ್ತೀನಿ ಅಷ್ಟೇ. ಈಗ ಮೂರು ದಿನ ರಜ ಸಿಕ್ಕಿದೆ. ನಮ್ಮಜ್ಜಿ ಊರು ಜಾವಗಲ್ ಹತ್ರ, ಚಿಕ್ಕೋನಿದ್ದಾಗ ಅಲ್ಲಿಂದ ಚಿಕ್ಕಮಗಳೂರಿಗೆ ಬಸ್ಸಲ್ಲಿ ಹೋಗ್ತಿದ್ವಿ, ಬೆಳವಾಡಿ ದಾಟಿದ ಮೇಲೆ ಎಲ್ಲೋ ಒಂದು ಕಡೆ ಕಿಟಕಿಯಿಂದ ಬರೋ ಗಾಳಿನೇ ಬದಲಾಗಿ ಬಿಡ್ತಿತ್ತು, ಮುಂದೆ ಬೆಟ್ಟದ ಸಾಲು ಕಾಣ್ತಿತ್ತು. ಆ ಜಾಗ ಎಲ್ಲಿ ಅಂತ ಸೈಕಲ್ ತುಳ್ಕೊಂಡು ಹೋಗಿ ನೋಡ್ಬೇಕು ಅಂತ ತುಂಬಾ ದಿನದ ಆಸೆ.

ಪ್ಲಾನ್ ಹೀಗಿದೆ, ಟ್ರೈನಲ್ಲಿ ಬಾಣಾವರಕ್ಕೆ ಹೋಗಿ ಇಳಿಯೋದು, ಅಲ್ಲಿಂದ ಜಾವಗಲ್, ಬೆಳವಾಡಿ, ಚಿಕ್ಕಮಗಳೂರು, ಆಮೇಲೆ ಕೈಮರ ಅನ್ನೋ ಊರಿನ ಮೇಲೆ ಹಾದು ಹತ್ತಿ ಮುಳ್ಳಯ್ಯನಗಿರಿ. ಮೇನ್ ರೋಡ್ ಬೇಡ, ಕೆರೆ ಏರಿ, ತೋಟದ ದಾರಿ, ಬಂಡಿದಾರಿ ಇವೇ ಬೇಕು. ಯಾವ ತಿಂಗಳು ಒಳ್ಳೇದು, ಟೈರ್ ಏನು ಹಾಕ್ಲಿ, ಕಾಫಿ ತೋಟದೊಳಗೆ ಹೋಗಕ್ಕೆ ಬಿಡ್ತಾರಾ? ಗೊತ್ತಿರೋರು ದಯವಿಟ್ಟು ಹೇಳಿ.

ಕಡೂರ್ ಹುಡ್ಗ
ಗುರು ಬಾಣಾವರದಲ್ಲಿ ಇಳಿಯೋ ಐಡಿಯಾ ಬಿಡು. ಅಲ್ಲಿ ಗಾಡಿ ನಿಲ್ಲೋದೇ ಒಂದೆರಡು ನಿಮಿಷ, ಬ್ರೇಕ್ ವ್ಯಾನಿಂದ ಸೈಕಲ್ ಇಳಿಸೋ ಹೊತ್ತಿಗೆ ಟ್ರೈನ್ ಹೊರಟಿರುತ್ತೆ. ಅರಸೀಕೆರೆಗೆ ಬುಕ್ ಮಾಡು, ಜಂಕ್ಷನ್ ಅಲ್ವಾ, ಟೈಮ್ ಸಿಗುತ್ತೆ, ಪಾರ್ಸೆಲ್ ಆಫೀಸೂ ಇದೆ. ಅಲ್ಲಿಂದ ಬಾಣಾವರ ಹದಿನೈದು ಕಿಮೀ ಆಸುಪಾಸು, ಬೆಳಿಗ್ಗೆ ತಂಪಲ್ಲಿ ತುಳಿದ್ರೆ ಒಂದು ಗಂಟೆ ಕೆಲಸ, ಎರಡೂ ಕಡೆ ತೆಂಗಿನ ತೋಟ.

ಈಗ ಮುಖ್ಯ ವಿಷ್ಯ. ನಮ್ಮ ಕಡೆ ಸೈಕಲ್‌ಗೆ ಶತ್ರು ಅಂದ್ರೆ ಏರು ಅಲ್ಲ, ಮುಳ್ಳು. ಕೆರೆ ಅಂಗಳದಲ್ಲಿ ಕರಿಜಾಲಿ, ದಾರಿ ಬದೀಲಿ ಬಳ್ಳಾರಿ ಜಾಲಿ, ನೆಲದ ಮೇಲೆ ನೆಗ್ಗಿಲು ಮುಳ್ಳು. ಜಾಲಿ ಮುಳ್ಳು ಕಣ್ಣಿಗಾದ್ರೂ ಕಾಣುತ್ತೆ, ನೆಗ್ಗಿಲು ಮುಳ್ಳು ಕಾಣೋದೇ ಇಲ್ಲ, ಕೆರೆ ಏರಿ ಇಳಿದು ಸೈಕಲ್ ನಿಲ್ಲಿಸಿ ನೋಡಿದ್ರೆ ಟೈರ್ ತುಂಬಾ ಹತ್ತು ಹದಿನೈದು ಚುಚ್ಕೊಂಡಿರ್ತವೆ. ಅದನ್ನ ಕೀಳೋಕೆ ಹೋದ್ರೆ ಗಾಳಿ ಅಲ್ಲೇ ಹೋಗುತ್ತೆ. ಟ್ಯೂಬ್‌ಲೆಸ್ ಮಾಡಿಸಿ ಸೀಲೆಂಟ್ (ತೂತನ್ನ ಒಳಗಿಂದ್ಲೇ ಮುಚ್ಚೋ ದ್ರವ) ಹಾಕಿಸ್ಕೋ, ಆಗ್ಲಿಲ್ಲ ಅಂದ್ರೆ ಟ್ಯೂಬ್ ಒಳಗಾದ್ರೂ ಸೀಲೆಂಟ್ ಹಾಕು, ಎರಡು ಸ್ಪೇರ್ ಟ್ಯೂಬ್ ಇರ್ಲಿ. ಇನ್ನೊಂದು, ನಿನ್ನ ಸೈಕಲ್ ವಾಲ್ವ್ ಸಣ್ಣದಾ ದಪ್ಪದಾ ನೋಡ್ಕೋ. ಹಳ್ಳಿ ಪಂಕ್ಚರ್ ಅಂಗಡೀಲಿ ಇರೋದು ಬೈಕಿಗೆ ಹಾಕೋ ಪಂಪು, ಸಣ್ಣ ವಾಲ್ವ್‌ಗೆ ಕೂರಲ್ಲ, ಸಣ್ಣದೊಂದು ಹಿತ್ತಾಳೆ ಅಡಾಪ್ಟರ್ ಜೇಬಲ್ಲಿ ಇಟ್ಕೊಂಡ್ರೆ ಎಲ್ಲಾದ್ರೂ ಗಾಳಿ ಹೊಡಿಸ್ಕೋಬಹುದು.

ಮಳೆ ಬಿದ್ದ ಮರುದಿನ ಮಾತ್ರ ಬರ್ಬೇಡ. ಕೆಂಪು ಮಣ್ಣು ಪರ್ವಾಗಿಲ್ಲ, ನೀರು ಇಂಗಿದ್ರೆ ಒಳ್ಳೆ ಹಿಡಿತ ಕೊಡುತ್ತೆ. ಆದ್ರೆ ನಮ್ಮ ತಾಲೂಕಲ್ಲಿ ಅಲ್ಲಲ್ಲಿ ಎರೆ ಮಣ್ಣಿದೆ, ಅದು ಒದ್ದೆ ಆಯ್ತು ಅಂದ್ರೆ ಟೈರಿಗೂ ಫ್ರೇಮಿಗೂ ನಡುವೆ ಮೆತ್ಕೊಂಡು ಚಕ್ರ ತಿರುಗೋದೇ ನಿಂತು ಹೋಗುತ್ತೆ, ಆಮೇಲೆ ಸೈಕಲ್ ಹೆಗಲ ಮೇಲೆ ಹೊತ್ಕೊಂಡೇ ನಡೀಬೇಕು.

ಆ ಗಾಳಿ ಬದಲಾಗೋ ಜಾಗದ ಬಗ್ಗೆ. ಬೆಳವಾಡಿ ದಾಟಿದ ತಕ್ಷಣ ಮಲೆನಾಡು ಸಿಗುತ್ತೆ ಅಂತ ಅನ್ಕೋಬೇಡ, ಚಿಕ್ಕಮಗಳೂರು ಪೇಟೆ ಬರೋ ತನಕ ಹೆಚ್ಚುಕಮ್ಮಿ ಬಯಲೇ, ರಾಗಿ, ಜೋಳ, ಆಲೂಗಡ್ಡೆ, ತೆಂಗು. ಆದ್ರೆ ನೆಲ ಗೊತ್ತಾಗ್ದಂಗೆ ಏರ್ತಾ ಹೋಗುತ್ತೆ, ಬಸ್ಸಲ್ಲಿ ತಿಳಿಯಲ್ಲ, ಪೆಡಲ್‌ಗೆ ತಿಳಿಯುತ್ತೆ. ಬೇಲಿ ನೋಡ್ತಾ ಬಾ. ಮೊದ್ಲು ಕತ್ತಾಳೆ, ಕಳ್ಳಿ, ಆಮೇಲೆ ಲಂಟಾನ, ಕೊನೆಗೆ ಸಿಲ್ವರ್ ಓಕ್ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿರೋದು. ನಂಗೆ ಊರು ಬದಲಾಗಿದ್ದು ಗೊತ್ತಾಗೋದೇ ಬೇಲಿಯಿಂದ.

ಸಿಂಗಲ್‌ಟ್ರ್ಯಾಕ್ ಸವಿತಾ
ಮೇಲೆ ಹೇಳಿದ್ದೆಲ್ಲ ಸರಿ. ನಾನು ಹೋದ ವರ್ಷ ಜನವರೀಲಿ ಇದೇ ಕಡೆ ಓಡಿಸಿದ್ದೆ, ಅದಕ್ಕೆ ಒಂದು ಎಚ್ಚರಿಕೆ. ಡಿಸೆಂಬರ್ ಜನವರಿ ಹವಾ ತುಂಬಾ ಚೆನ್ನಾಗಿರುತ್ತೆ, ಆದ್ರೆ ಅದೇ ಹೊತ್ತಲ್ಲಿ ಒಕ್ಕಣೆ. ರಾಗಿ, ಹುರುಳಿ ಎಲ್ಲಾ ರೋಡ್ ಮೇಲೆ ಹಾಸಿರ್ತಾರೆ, ಗಾಡಿ ಚಕ್ರ ಓಡಾಡಿ ಕಾಳು ಉದುರ್ಲಿ ಅಂತ. ಕಾರು ಬಸ್ಸಿಗೆ ತೊಂದ್ರೆ ಇಲ್ಲ. ನಮಗೆ ಹುರುಳಿ ಬಳ್ಳಿ ಹಿಂದಿನ ಡಿರೇಲರ್‌ಗೆ (ಗೇರ್ ಬದಲಿಸೋ ಭಾಗ) ಸುತ್ಕೊಂಡು ಬಿಡುತ್ತೆ, ಒಂದೇ ಸುತ್ತಿಗೆ ಅದನ್ನ ಫ್ರೇಮಿಗೆ ಹಿಡಿಸೋ ಹ್ಯಾಂಗರ್ ಬಾಗಿ ಹೋಯ್ತು ನಂದು, ಜಾವಗಲ್ ತನಕ ಆರು ಕಿಮೀ ತಳ್ಕೊಂಡು ಬಂದೆ. ಹುರುಳಿ ಹಾಸಿರೋದು ಕಂಡ್ರೆ ಇಳಿದು ಸೈಕಲ್ ಎತ್ಕೊಂಡು ದಾಟಿ. ಎರಡು ನಿಮಿಷದ ಕೆಲಸ, ಅಲ್ಲಿರೋ ಅಜ್ಜಿ ಹತ್ರ ಮಾತಾಡ್ದಂಗೂ ಆಗುತ್ತೆ. ನಂಗೆ ಅವತ್ತು ಒಂದು ಚೊಂಬು ಮಜ್ಜಿಗೆ ಕೊಟ್ಟಿದ್ರು, ದುಡ್ಡು ಕೊಡಕ್ಕೆ ಹೋದ್ರೆ ಬೈದ್ರು. ನಿಮ್ಮ ಫ್ರೇಮಿಗೆ ಸರಿಯಾಗೋ ಹ್ಯಾಂಗರ್ ಒಂದು ಮೊದಲೇ ತಗೊಂಡು ಬ್ಯಾಗಲ್ಲಿ ಹಾಕ್ಕೊಳಿ, ಒಂದೊಂದು ಫ್ರೇಮಿಗೆ ಒಂದೊಂದು ಥರ, ಅರಸೀಕೆರೇಲಿ ಹುಡುಕಿದ್ರೆ ಸಿಗಲ್ಲ.

ಟೈರ್ 2.1 ಅಥವಾ 2.2 ಇಂಚು ಸಾಕು. ಟಾರಲ್ಲಿ ಗಾಳಿ 40 ಪಿಎಸ್‌ಐ, ಮಣ್ಣಿಗೆ ಇಳಿದಾಗ ಮೂವತ್ತರ ಹತ್ರ ಇಳಿಸ್ಕೊಳಿ, ಟ್ಯೂಬ್ ಇದ್ರೆ ಅದಕ್ಕಿಂತ ಕಮ್ಮಿ ಬೇಡ, ಕಲ್ಲಿಗೆ ಹೊಡೆದು ರಿಮ್ ಕಚ್ಚಿ ಟ್ಯೂಬ್ ಎರಡು ಕಡೆ ತೂತಾಗುತ್ತೆ. ಕೆರೆ ಕೋಡಿ ಹರೀತಾ ಇದ್ರೆ ಅದರ ಮೇಲೆ ಸವಾರಿ ಮಾಡ್ಬೇಡಿ, ಪಾಚಿ ಕಟ್ಟಿರುತ್ತೆ, ನಡೆದೇ ದಾಟಿ. ಗದ್ದೆ ಬದು ಮೇಲೂ ಬೇಡ, ರೈತರು ಕಟ್ಟಿರೋದು ಅದು.

ದಾರಿ ಹುಡುಕೋಕೆ ನಾನು ಮಾಡೋದು ಹೇಳ್ತೀನಿ. ಭೂಮಾಪನ ಇಲಾಖೆ ವೆಬ್‌ಸೈಟಲ್ಲಿ ಪ್ರತಿ ಊರಿನ ಗ್ರಾಮ ನಕ್ಷೆ ಪಿಡಿಎಫ್ ಸಿಗುತ್ತೆ, ಅದರಲ್ಲಿ ಬಂಡಿದಾರಿ, ಕಾಲುದಾರಿ ಎಲ್ಲಾ ಬರೆದಿರ್ತಾರೆ. ಅದನ್ನ ಸ್ಯಾಟಲೈಟ್ ಚಿತ್ರದ ಪಕ್ಕ ಇಟ್ಕೊಂಡು ನೋಡಿ. ನಕ್ಷೇಲಿರೋ ಎಷ್ಟೋ ದಾರಿ ಉತ್ತು ಹೊಲ ಆಗೋಗಿದೆ, ಆದ್ರೂ ಉಳಿದಿರೋದು ಬೇಕಾದಷ್ಟಿದೆ, ಎರಡು ಊರಿನ ಮಧ್ಯೆ ಹುಣಸೆ ಮರ, ಬೇವಿನ ಮರದ ನೆರಳಲ್ಲಿ ಎರಡು ಚಕ್ರದ ಜಾಡು, ನಂಗೆ ಇಡೀ ಟ್ರಿಪ್ಪಲ್ಲಿ ಅತೀ ಇಷ್ಟ ಆಗಿದ್ದು ಅದೇ, ಮುಳ್ಳಯ್ಯನಗಿರಿ ಅಲ್ಲ.

ತೋಟದ ಮನೆ
ನಾನು ಕೈಮರದ ಮೇಲ್ಗಡೆ ಇರೋನು, ನಮ್ಮದು ಸಣ್ಣ ಕಾಫಿ ತೋಟ. ತೋಟದ ವಿಷ್ಯ ಕೇಳಿದ್ದಕ್ಕೆ ಸಂತೋಷ, ತುಂಬಾ ಜನ ಕೇಳೋದೇ ಇಲ್ಲ. ಫೋನಿನ ಮ್ಯಾಪಲ್ಲಿ ತೋಟದೊಳಗಿನ ದಾರಿನೂ ಊರ ದಾರಿ ಥರಾನೇ ತೋರಿಸುತ್ತೆ, ಅದನ್ನ ನಂಬ್ಕೊಂಡು ಬಂದು ಗೇಟ್ ಹತ್ರ ಜಗಳ ಆಡ್ತಾರೆ. ಅದು ಖಾಸಗಿ ಜಾಗ. ತೋಟದ ಲೆಕ್ಕ ಬರೆಯೋ ರೈಟರ್ ಅಥವಾ ಮೇಸ್ತ್ರಿ ಹತ್ರ ಒಂದು ಮಾತು ಕೇಳಿ, ಸೈಕಲ್ ಅಂದ್ರೆ ಹೆಚ್ಚಿನವರು ಬಿಡ್ತಾರೆ, ಬೇಡ ಅಂದ್ರೆ ವಾಪಸ್ ಹೋಗಿ ಅಷ್ಟೇ. ಉಣುಗೋಲು (ದಾರಿಗೆ ಅಡ್ಡ ಹಾಕಿರೋ ಗಳ) ತೆಗೆದು ಒಳಗೆ ಬಂದ್ರೆ ಮತ್ತೆ ಹಾಕಿಯೇ ಮುಂದೆ ಹೋಗಿ, ಇಲ್ಲಾಂದ್ರೆ ದನ ನುಗ್ಗುತ್ತೆ. ನವೆಂಬರಿಂದ ಜನವರಿ ತನಕ ಅರೇಬಿಕಾ ಕೊಯ್ಲು, ಆಮೇಲೆ ರೊಬಸ್ಟಾ, ಆಗ ದಾರೀಲಿ ಮೂಟೆ ತುಂಬಿರೋ ಪಿಕಪ್, ಕೆಲಸದವರು ಓಡಾಡ್ತಾ ಇರ್ತಾರೆ, ತಿರುವಲ್ಲಿ ಸೈಕಲ್ ಸದ್ದೇ ಬರಲ್ಲ, ಬೆಲ್ ಹೊಡೀರಿ. ಕಣದಲ್ಲಿ ಒಣಗೋಕೆ ಹಾಕಿರೋ ಕಾಫಿ ಮೇಲೆ ಚಕ್ರ ಹತ್ತಿಸ್ಬೇಡಿ, ಒಬ್ಬರು ಹತ್ತಿಸಿದ್ರು ನಮ್ಮಲ್ಲಿ.

ಏರಿನ ಬಗ್ಗೆ. ಚಿಕ್ಕಮಗಳೂರು ಸಾವಿರ ಮೀಟರ್ ಮೇಲಿದೆ, ಮುಳ್ಳಯ್ಯನಗಿರಿ 1930 ಮೀಟರ್, ಅಂದ್ರೆ ಎಂಟುನೂರು ಮೀಟರ್‌ಗೂ ಜಾಸ್ತಿ ಹತ್ಬೇಕು, ಸೀತಾಳಯ್ಯನಗಿರಿ ಆದ್ಮೇಲೆ ರಸ್ತೆ ಕಿರಿದು, ಕಡಿದು. ಶನಿವಾರ ಭಾನುವಾರ ಬರಲೇಬೇಡಿ, ಕಾರುಗಳ ಹಿಂದೆ ಹೊಗೆ ಕುಡೀತಾ ನಿಲ್ಬೇಕು. ವಾರದ ದಿನ ಬೆಳಿಗ್ಗೆ ಆರಕ್ಕೆ ಹೊರಡಿ, ಮಂಜಿರುತ್ತೆ, ಹಿಂದೆ ಮುಂದೆ ಲೈಟ್ ಇರ್ಲಿ. ಇಳಿಯೋವಾಗ ಬ್ರೇಕ್ ಒಂದೇ ಸಮ ಒತ್ಕೊಂಡು ಬರ್ಬೇಡಿ, ಡಿಸ್ಕ್ ಕಾದು ಹಿಡಿಯೋದು ಬಿಡುತ್ತೆ. ಬಿಟ್ಟು ಬಿಟ್ಟು ಹಿಡೀರಿ, ಹೊರಡೋ ಮುಂಚೆ ಪ್ಯಾಡ್ ನೋಡ್ಕೊಳಿ.

ಮೇಲೆ ಹುಲ್ಲುಗಾವಲು ಸಿಗುತ್ತೆ. ದಯವಿಟ್ಟು ಅದರ ಮೇಲೆ ಚಕ್ರ ಇಳಿಸ್ಬೇಡಿ. ನೋಡೋಕೆ ಬರೀ ಹುಲ್ಲು, ಆದ್ರೆ ಮಳೆ ನೀರನ್ನ ಹಿಡ್ಕೊಂಡು ನಿಧಾನಕ್ಕೆ ಕಣಿವೆಯ ಶೋಲಾ ಕಾಡಿಗೆ, ಹಳ್ಳಕ್ಕೆ ಬಿಡೋದೇ ಅದು. ಒಂದು ಸಲ ಜಾಡು ಬಿತ್ತು ಅಂದ್ರೆ ಮುಂದಿನ ಮಳೇಲಿ ನೀರು ಅದೇ ಜಾಡಲ್ಲಿ ಇಳಿದು ಕೊರಕಲು ಮಾಡುತ್ತೆ. ಜೀಪುಗಳು ಮಾಡಿರೋ ಗಾಯ ಈಗ್ಲೇ ಬೇಕಾದಷ್ಟಿದೆ. ಕೆಮ್ಮಣ್ಣುಗುಂಡಿ ಕಡೆ ಕಾಡುದಾರೀಲಿ ದಾಟ್ತೀನಿ ಅಂತಾನೂ ಹೊರಡ್ಬೇಡಿ, ಆಚೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶ, ಅರಣ್ಯ ಇಲಾಖೆ ಅನುಮತಿ ಇಲ್ದೆ ಆಗಲ್ಲ. ಬೇಲೂರು, ಮೂಡಿಗೆರೆ ಕಡೆ ತಿರುಗೋ ಯೋಚ್ನೆ ಇದ್ರೆ ಆನೆ ಇದೆಯಾ ಅಂತ ಊರವರನ್ನ ಕೇಳಿಯೇ ಹೊರಡಿ, ಬೆಳಗಿನ ಜಾವ, ಸಂಜೆ ಮೇಲೆ ಬೇಡ.

ಬಂಡಿಜಾಡು
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಿಸೆಂಬರ್ ಕೊನೇಲಿ ಹೋಗಿ ಬಂದೆ, ಮಂಗಳವಾರದಿಂದ ಗುರುವಾರ. ಅರಸೀಕೆರೇಲೇ ಇಳಿದೆ. ಮೊದಲ ದಿನ ನೆಗ್ಗಿಲು ಮುಳ್ಳು ಎಣಿಸಿದೆ, ಇಪ್ಪತ್ತೆರಡು, ಸೀಲೆಂಟ್ ಇದ್ದಿದ್ರಿಂದ ಬಚಾವ್. ಹುರುಳಿ ನಾಲ್ಕು ಕಡೆ ಸಿಕ್ತು, ನಾಲ್ಕೂ ಕಡೆ ಎತ್ಕೊಂಡೇ ದಾಟಿದೆ.

ಬೆಳವಾಡೀಲಿ ವೀರನಾರಾಯಣ ದೇವಸ್ಥಾನದಲ್ಲಿ ಒಂದು ಗಂಟೆ ಕೂತಿದ್ದೆ. ಹೊಯ್ಸಳರ ಎರಡನೇ ವೀರಬಲ್ಲಾಳನ ಕಾಲದ್ದು, ಮೂರು ಗರ್ಭಗುಡಿ, ಹೊಳೆಯೋ ಕಂಬಗಳು, ಹಳೇಬೀಡಿಂದ ಹತ್ತು ಹನ್ನೆರಡು ಕಿಮೀ ಅಷ್ಟೇ, ಆದ್ರೆ ನಾನಿದ್ದಷ್ಟು ಹೊತ್ತು ಒಳಗೆ ಇಬ್ಬರೇ ಬಂದಿದ್ದು. ಬಿಸಿಲಲ್ಲಿ ತುಳ್ಕೊಂಡು ಬಂದು ಆ ಕಲ್ಲಿನ ನೆಲದ ಮೇಲೆ ಕಾಲಿಟ್ರೆ ಆಗೋ ತಂಪು ಹೇಳೋಕಾಗಲ್ಲ.

ಎರಡನೇ ದಿನ ಹಿರೇಕೊಳಲೆ ಕೆರೆ ಕಡೆ ಹೋಗಿದ್ದೆ, ಪೇಟೆಯಿಂದ ಹತ್ತು ಕಿಮೀ, ದಾರಿ ಪೂರ್ತಿ ಕಾಫಿ ತೋಟದ ನೆರಳು. ಅಲ್ಲೊಂದು ತೋಟದಲ್ಲಿ ಕೇಳಿದೆ, ಕೊಯ್ಲು ನಡೀತಿದೆ ಬೇಡ ಅಂದ್ರು, ವಾಪಸ್ ಬಂದೆ. ಮೂರನೇ ದಿನ ಬೆಟ್ಟ. ಸೀತಾಳಯ್ಯನಗಿರಿ ಆದ್ಮೇಲೆ ಎರಡು ಕಡೆ ಇಳಿದು ತಳ್ಳಿದೆ, ಮೆಟ್ಟಿಲ ಬುಡದಲ್ಲಿ ಸೈಕಲ್ ಬೀಗ ಹಾಕಿ ನಡೆದು ಹತ್ತಿದೆ.

ಗಾಳಿ ಬದಲಾಗೋ ಜಾಗ ಸಿಕ್ತು. ಬೆಳವಾಡಿ ಆಗಿ ಒಂದಷ್ಟು ದೂರ, ಸಣ್ಣ ಏರು ಮುಗಿಯೋ ಕಡೆ, ಎದುರಿಗೆ ಬೆಟ್ಟದ ಸಾಲು ಪೂರ್ತಿ ಕಾಣುತ್ತೆ, ಅಲ್ಲಿ ಬೆವರಿಗೆ ತಣ್ಣಗೆ ತಾಗ್ತು. ಬೇಲಿ ನೋಡಿದೆ, ಇನ್ನೂ ಕತ್ತಾಳೆನೇ ಇತ್ತು.

ಕಡೂರ್ ಹುಡ್ಗ
ಹಂಗಾದ್ರೆ ನಿಂಗೆ ಬೇಲಿಗಿಂತ ಮುಂಚೆ ಸಿಕ್ಕಿದೆ. ಮುಂದಿನ ಸಲ ಕಡೂರಲ್ಲಿ ಇಳಿ, ಸಖರಾಯಪಟ್ಟಣದ ಮೇಲೆ ಅಯ್ಯನಕೆರೆಗೆ ಬಂದು ಏರಿ ಮೇಲೆ ಕೂತ್ಕೊಂಡು ಶಕುನಗಿರಿ ನೋಡೋಣ, ಅಲ್ಲಿಂದ ಚಿಕ್ಕಮಗಳೂರು ಜೊತೇಲೇ ತುಳಿಯೋಣ. ಜನವರಿ ಕೊನೆ ವಾರ ಫ್ರೀ ಇದೀನಿ. ಸವಿತಾ ಅವ್ರೆ, ನೀವೂ ಬನ್ನಿ, ಹ್ಯಾಂಗರ್ ಎರಡು ತನ್ನಿ.