ಪ್ರಶ್ನೋತ್ತರ: ರಿಲಯಬಿಲಿಟಿ (ಸಾಫ್ಟ್‌ವೇರ್ ಬೀಳದೆ ಓಡುವ ಭರವಸೆ) ಲೆಕ್ಕಕ್ಕೆ ಯಾವ ಮಾಡೆಲ್?

ಬ್ಯಾಕೆಂಡ್‌ನವ: ಮೇಡಂ, ನಮ್ಮ ಸರ್ವಿಸ್‌ನ ಎರಡು ಕಾಪಿ ಓಡುತ್ತಿವೆ. ಒಂದೊಂದೂ 99.9% ಅಪ್. ಬ್ಲಾಕ್ ಡಯಾಗ್ರಾಂ (ಒಂದೊಂದು ಭಾಗಕ್ಕೆ ಒಂದು ಡಬ್ಬಿ ಬರೆದು ಒಟ್ಟು ಲೆಕ್ಕ ಹಾಕುವ ಚಿತ್ರ) ಹಾಕಿ ಒಟ್ಟು 99.9999% ಅಂತ ರಿಪೋರ್ಟ್‌ನಲ್ಲಿ ಬರೆದಿದ್ದೇವೆ. ಸರಿ ತಾನೇ?

ಹೊಸಬ: ಯಾವ ಮಾಡೆಲ್ ಬೆಸ್ಟ್ ಮೇಡಂ?

ರಿಲಯಬಿಲಿಟಿ ಎಂಜಿನಿಯರ್: ಹೊಸಬರೇ, ಯಾವುದಕ್ಕೆ ಅಂತ ಮೊದಲು ಹೇಳಿ.

ಬ್ಯಾಕೆಂಡ್‌ನವರೇ, ನಿಮ್ಮ ಅಂಕಿ ನೋಡಿ ಭಯ ಆಯಿತು. 99.9% ಅಂದರೆ ವರ್ಷಕ್ಕೆ ಸುಮಾರು 8.76 ಗಂಟೆ ಡೌನ್. 99.9999% ಅಂದರೆ ಬರೀ 32 ಸೆಕೆಂಡ್. ಇಷ್ಟು ಲಾಭ 0.001 × 0.001 ಅನ್ನೋ ಒಂದೇ ಗುಣಾಕಾರದಲ್ಲಿ ಬಂತು. ಎರಡು ಕಾಪಿ ಬೀಳೋದಕ್ಕೆ ಒಂದಕ್ಕೊಂದು ಸಂಬಂಧ ಇಲ್ಲ ಅಂದಾಗ ಮಾತ್ರ ಆ ಗುಣಾಕಾರ ಸರಿ. ನಿಮ್ಮ ಎರಡರಲ್ಲೂ ಇರೋದು ಅದೇ ಕೋಡ್, ಅದೇ ಬಗ್. ಒಂದನ್ನು ಬೀಳಿಸಿದ ರಿಕ್ವೆಸ್ಟ್ ರಿಟ್ರೈ ಆಗಿ ಇನ್ನೊಂದಕ್ಕೆ ಹೋದರೆ ಅದನ್ನೂ ಬೀಳಿಸುತ್ತದೆ. ಹತ್ತು ಫೇಲ್ಯೂರ್‌ನಲ್ಲಿ ಒಂದು ಎರಡನ್ನೂ ಹೊಡೆಯುತ್ತದೆ ಅಂದುಕೊಳ್ಳಿ. 0.001ರ ಹತ್ತನೇ ಒಂದು ಭಾಗ 0.0001. ಅಲ್ಲಿಗೆ ನಿಮ್ಮದು 99.99%, ವರ್ಷಕ್ಕೆ ಸುಮಾರು 53 ನಿಮಿಷ. ಮೂರನೇ ಕಾಪಿ ಹಾಕಿದರೂ ಇದು ಇಳಿಯಲ್ಲ. ಬೇರೆ ಬೇರೆಯವರಿಂದ ಬರೆಸಿದರೂ ಪೂರ್ತಿ ನೆಚ್ಚಬೇಡಿ. 1986ರ ನೈಟ್-ಲೆವೆಸನ್ ಪ್ರಯೋಗದಲ್ಲಿ ಒಂದೇ ಕೆಲಸಕ್ಕೆ 27 ಪ್ರೋಗ್ರಾಂ ಬರೆಸಿದ್ದರು. ಲೆಕ್ಕ ಹೇಳಿದ್ದಕ್ಕಿಂತ ಜಾಸ್ತಿ ಸಲ ಅವು ಒಟ್ಟಿಗೇ ತಪ್ಪಿದವು.

ಇನ್ನೊಂದು. ಒಂದು ಬಿದ್ದರೆ ಪೂರ್ತಿ ಲೋಡ್ ಇನ್ನೊಂದರ ಮೇಲೆ. ಅದು ಬ್ಲಾಕ್ ಡಯಾಗ್ರಾಂಗೆ ಕಾಣಲ್ಲ, ಮಾರ್ಕೋವ್ ಮಾಡೆಲ್‌ಗೆ (ಸಿಸ್ಟಂ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಯಾವ ದರದಲ್ಲಿ ಹೋಗುತ್ತದೆ ಅನ್ನೋ ಲೆಕ್ಕ) ಕಾಣುತ್ತದೆ. ಎರಡೂ ಅಪ್, ಒಂದು ಅಪ್, ಎರಡೂ ಡೌನ್: ಮೂರು ಸ್ಥಿತಿ ಸಾಕು. ರಿಪೇರಿ ಒಮ್ಮೆ ಐದು ನಿಮಿಷ, ಒಮ್ಮೆ ಐದು ಗಂಟೆ ಅಂತಿದ್ದರೆ ಸಿಮ್ಯುಲೇಶನ್ (ಕಂಪ್ಯೂಟರ್‌ನಲ್ಲಿ ಸಾವಿರಾರು ಸಲ ಆಡಿಸಿ ನೋಡೋದು) ಮಾಡಿ. ಡೇಟಾಬೇಸ್ ಎರಡಕ್ಕೂ ಒಂದೇನಾ? ಕಾನ್ಫಿಗ್ (ಸೆಟ್ಟಿಂಗ್) ಬದಲಾವಣೆ ಎರಡಕ್ಕೂ ಒಟ್ಟಿಗೇ ಹೋಗುತ್ತಾ?

ಟೆಸ್ಟರ್: ಬಗ್ ಎಣಿಕೆಗೆ ಗೋಯೆಲ್-ಒಕುಮೊಟೊ ಮಾಡೆಲ್ (ಸಿಕ್ಕ ಬಗ್ ನೋಡಿ ಇನ್ನೆಷ್ಟು ಉಳಿದಿವೆ ಅಂತ ಅಂದಾಜಿಸೋದು) ಹಾಕಿದ್ದೇವೆ. ಎರಡು ವಾರದಿಂದ ಕರ್ವ್ ಮಟ್ಟಸ ಆಗಿದೆ, ಹೊಸ ಬಗ್ ಸಿಗುತ್ತಿಲ್ಲ. ರಿಲೀಸ್ ಮಾಡಬಹುದಾ?

ಎಂಜಿನಿಯರ್: ಆ ಎರಡು ವಾರ ಟೆಸ್ಟ್ ಎಷ್ಟು ಗಂಟೆ ಓಡಿತು?

ಟೆಸ್ಟರ್: ಅರ್ಧ ತಂಡ ರಜೆಯಲ್ಲಿತ್ತು.

ಎಂಜಿನಿಯರ್: ಹುಡುಕೋರು ಕಡಿಮೆಯಾದರು, ಅಷ್ಟೇ. ಕ್ಯಾಲೆಂಡರ್ ಬಿಡಿ, ಓಡಿದ ಗಂಟೆ ಹಾಕಿ. ಸಾಫ್ಟ್‌ವೇರ್ ರಿಲಯಬಿಲಿಟಿ ಸಂಶೋಧಕ ಜಾನ್ ಮೂಸಾ 1975ರಲ್ಲೇ ಹೇಳಿದ ವಿಷಯ ಇದು.



ಇನ್ನೊಬ್ಬ ಸದಸ್ಯ: (ಫಾರ್ವರ್ಡ್) "ಎಂಟಿಬಿಎಫ್ 1000 ಗಂಟೆ ಇದ್ದರೆ 1000 ಗಂಟೆ ಕ್ರ್ಯಾಶ್ ಆಗಲ್ಲ! ಎಲ್ಲ ಡೆವಲಪರ್‌ಗಳಿಗೂ ಕಳಿಸಿ."

ಎಂಜಿನಿಯರ್: ದಯವಿಟ್ಟು ಯಾರಿಗೂ ಕಳಿಸಬೇಡಿ. ಎಂಟಿಬಿಎಫ್ ಅಂದರೆ ಎರಡು ಫೇಲ್ಯೂರ್ ನಡುವಿನ ಸರಾಸರಿ ಸಮಯ, ಗ್ಯಾರಂಟಿ ಅಲ್ಲ. ಫೇಲ್ಯೂರ್ ದರ ಒಂದೇ ಸಮ ಇದ್ದರೆ, 1000 ಗಂಟೆ ಬೀಳದೆ ದಾಟುವ ಸಾಧ್ಯತೆ ಬರೀ 37%. ಇಂಥದ್ದು ನಂಬಿ ಸುಮ್ನೆ ಬ್ಯಾಕಪ್ ಪ್ಲಾನ್ ಬಿಟ್ಟವರಿದ್ದಾರೆ.

ಹಳೇ ಕೋಡರ್: ಸಾಫ್ಟ್‌ವೇರ್ ಏನು ಸವೆಯುತ್ತಾ? ಅದೇ ಇನ್‌ಪುಟ್‌ಗೆ ಅದೇ ಉತ್ತರ. ಸಂಭವನೀಯತೆ ಎಲ್ಲಿಂದ ಬಂತು?

ಡೇಟಾದವಳು: ಯಾವ ಇನ್‌ಪುಟ್ ಯಾವಾಗ ಬರುತ್ತೆ ಅಂತ ನಿಮಗೆ ಗೊತ್ತಾ? ಅಲ್ಲಿಂದಲೇ ಬಂತು.

ಹಳೇ ಕೋಡರ್: 300 ಟೆಸ್ಟ್ ಓಡಿಸಿದ್ದೇನೆ, ಒಂದೂ ಫೇಲ್ ಇಲ್ಲ. ಸಾಲದಾ?

ಡೇಟಾದವಳು: ಫೇಲ್ಯೂರ್ ನೂರಕ್ಕೆ ಒಂದನ್ನು ಮೀರಲ್ಲ ಅಂತ 95% ಭರವಸೆಯಲ್ಲಿ ಹೇಳಬಹುದು. ಅಷ್ಟೇ. ಅದೂ ಟೆಸ್ಟ್ ಇನ್‌ಪುಟ್ ನಿಜವಾದ ಬಳಕೆ ಥರಾನೇ ಇದ್ದರೆ.

ಹಳೇ ಕೋಡರ್: ಪುಸ್ತಕದ ಬದನೆಕಾಯಿ. ಪ್ರೊಡಕ್ಷನ್ ಬಿದ್ದಾಗ ರಾತ್ರಿ ಏಳೋದು ನಾನು.

ಡೇಟಾದವಳು: ಯಾಕೆ ಏಳ್ತೀರಿ? 300 ಟೆಸ್ಟ್ ಪಾಸ್ ಆಗಿದೆಯಲ್ಲ.

ಹೊಸಬ: ಹಾಗಾದ್ರೆ ಮಾರ್ಕೋವ್ ಬೆಸ್ಟ್, ಅಲ್ವಾ?

ಎಂಜಿನಿಯರ್: ಅಲ್ಲ. ಮೇಲೆ ಓದಿ.

ಬ್ಯಾಕೆಂಡ್‌ನವ: ಡೇಟಾಬೇಸ್ ಒಂದೇ ಮೇಡಂ. ಕಾನ್ಫಿಗೂ ಒಟ್ಟಿಗೇ ಹೋಗುತ್ತದೆ. ರಿಪೋರ್ಟ್ ಮ್ಯಾನೇಜರ್‌ಗೆ ಕಳಿಸಿ ಆಯ್ತು.

ಎಂಜಿನಿಯರ್: ವಾಪಸ್ ತರಿಸಿ. ಒಟ್ಟು ಅಂಕಿ ಆ ಡೇಟಾಬೇಸ್‌ನ ಅಂಕಿಗಿಂತ ಮೇಲೆ ಹೋಗೋಕೆ ಸಾಧ್ಯವೇ ಇಲ್ಲ. ಮಾರ್ಕೋವ್ ಆಮೇಲೆ, ಮೊದಲು ಫಾಲ್ಟ್ ಟ್ರೀ (ಏನೇನು ಬಿದ್ದರೆ ಇಡೀ ಸರ್ವಿಸ್ ಬೀಳುತ್ತದೆ ಅಂತ ತೋರಿಸುವ ಮರದಂಥ ಚಿತ್ರ) ಬಿಡಿಸಿ. ಡೇಟಾಬೇಸ್, ಕಾನ್ಫಿಗ್ ಎರಡನ್ನೂ ಮೇಲಿನ ಓಆರ್ ಗೇಟ್‌ಗೆ (ಯಾವುದೊಂದು ಬಿದ್ದರೂ ಎಲ್ಲ ಬೀಳುತ್ತದೆ ಅನ್ನೋ ಗುರುತು) ನೇರವಾಗಿ ಜೋಡಿಸಿ. ಡೇಟಾಬೇಸ್ ಎಷ್ಟು ಸಲ ಬಿದ್ದಿದೆ, ಎಷ್ಟು ಹೊತ್ತು ಬಿದ್ದಿತ್ತು, ಲಾಗ್ ಹಾಕಿ. ನಾಳೆ ನೋಡುತ್ತೇನೆ. ಉಳಿದವರು ಜಗಳ ಬೇರೆ ಕಡೆ ಆಡಿಕೊಳ್ಳಿ.